ಟೈಟನ್‌ನಲ್ಲಿ ನೀರು ಬಿಡೋ ಕೆಲಸ

ಇತ್ತೀಚೆಗೆ ದಿನದಲ್ಲಿ ಸ್ವಲ್ಪ ಹೊತ್ತು ನಾನು ಕೆಂಪಮ್ಮ ಆಗಿರ್ತೀನಿ. ಕೆಂಪಮ್ಮಂಗೆ 58 ವರ್ಷ, ಊರು ಮದ್ದೂರು ತಾಲ್ಲೂಕು, ಕೆಲಸ ಶನಿಗ್ರಹದ ಚಂದ್ರ ಟೈಟನ್ ಮೇಲಿರೋ ಒಂದು ಸ್ಟೇಷನ್ನಲ್ಲಿ ನೀರಿನ ಪ್ಲಾಂಟ್ ನೋಡ್ಕೊಳ್ಳೋದು. ನಾನು ಗಂಡಸು, ಮೈಸೂರಲ್ಲಿ ಕುವೆಂಪುನಗರದ ಬಾಡಿಗೆ ಮನೇಲಿರೋನು, ಆಫೀಸಲ್ಲಿ ಅಕೌಂಟ್ಸ್ ನೋಡ್ತೀನಿ, ನೀರಿನ ವಿಚಾರದಲ್ಲಿ ನಂಗೆ ಗೊತ್ತಿದ್ದಿದ್ದು ಸಂಪಿನ ಮೋಟಾರ್ ಆನ್ ಮಾಡೋದು ಆಫ್ ಮಾಡೋದು ಅಷ್ಟೇ. ಈಗ ಕೇಳಿ, ಇಂಟರ್‌ನ್ಯಾಷನಲ್ ಸ್ಪೇಸ್ ಸ್ಟೇಷನ್ನಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲ ಸೇರಿಸಿ 98% ನೀರನ್ನ ವಾಪಸ್ ತೆಗಿಯೋ ಮಟ್ಟಕ್ಕೆ 2023ರಲ್ಲಿ ಬಂದ್ರು ಅಂತ ನಿದ್ದೆಗಣ್ಣಲ್ಲೂ ಹೇಳ್ತೀನಿ. ಕೆಂಪಮ್ಮ ಕಲಿಸಿದ್ದು.

ಇದೇನು ಅಂತ ಮನೆಯವ್ರಿಗೆ ಹೇಳಕ್ಕೆ ಹೋಗಿ ಸಾಕಾಗಿದೆ, ಇಲ್ಲಿ ಒಂದ್ಸಲ ಸರಿಯಾಗಿ ಬರ್ದುಬಿಡ್ತೀನಿ. ಒಂದು ಕತೆ, ಅದನ್ನ ಒಂದಷ್ಟು ಜನ ಆನ್‌ಲೈನಲ್ಲಿ ಸೇರಿ ಬರೀತೀವಿ, ಆದ್ರೆ ಅಧ್ಯಾಯ ಹಂಚ್ಕೊಂಡು ಬರೆಯೋದಲ್ಲ, ಒಬ್ಬೊಬ್ರಿಗೆ ಒಂದೊಂದು ಪಾತ್ರ ಇರತ್ತೆ, ಆ ಪಾತ್ರ ಏನ್ ಮಾಡ್ತು ಏನ್ ಮಾತಾಡ್ತು ಮನಸಲ್ಲಿ ಏನ್ ಅನ್ಕೊಳ್ತು ಅನ್ನೋದನ್ನ ಆ ಪಾತ್ರದೋರೇ ಬರೀಬೇಕು. ನಾನೊಂದು ಪ್ಯಾರಾ ಹಾಕ್ತೀನಿ, ನೀವು ಅದಕ್ಕೆ ನಿಮ್ಮ ಪಾತ್ರದ ಕಡೆಯಿಂದ ಉತ್ತರ ಬರೀತೀರಾ, ಮೂರನೇಯವ್ರು ಬಾಗಿಲು ತಳ್ಕೊಂಡು ದೃಶ್ಯದೊಳಗೆ ಬರ್ತಾರೆ. ಕೊನೆಗೆ ಏನಾಗತ್ತೆ ಅಂತ ಯಾರಿಗೂ ಗೊತ್ತಿರಲ್ಲ, ನಡೆಸೋರಿಗೂ ಅರ್ಧಂಬರ್ಧವೇ. ಇಂಗ್ಲಿಷಿನವ್ರು ಇದನ್ನ ರೋಲ್‌ಪ್ಲೇ ಅಂತಾರೆ, ಪ್ಲೇ ಬೈ ಪೋಸ್ಟ್ ಅಂತಾರೆ, ಸಿಮ್ ಅಂತಾರೆ. ನಾವು ಸುಮ್ನೆ ಆಟ ಅಂತೀವಿ.

ಹೊಸದೇನೂ ಅಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಟೇಬಲ್ ಸುತ್ತ ಕೂತು ಆಡ್ತಿದ್ರು, 1977ರಲ್ಲಿ ಬಾಹ್ಯಾಕಾಶದ್ದೇ ಆದ ಟ್ರಾವೆಲರ್ ಬಂತು, ಅದರಲ್ಲಿ ಪಾತ್ರದ ಹಿಂದಿನ ಜೀವನನ ದಾಳ ಹಾಕಿ ನಿರ್ಧಾರ ಮಾಡ್ಬೇಕು, ಹಾಗೆ ಪಾತ್ರ ತಯಾರು ಮಾಡೋ ಹೊತ್ತಲ್ಲೇ ಪಾತ್ರ ಸತ್ತೋಗೋ ಸಾಧ್ಯತೆನೂ ಇತ್ತು, ಆಟ ಶುರುವಾಗೋಕೆ ಮುಂಚೆನೇ ತಿಥಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಯೂನಿವರ್ಸಿಟಿ ಹುಡುಗರು ಕಂಪ್ಯೂಟರ್ ಒಳಗೆ ಬರೀ ಅಕ್ಷರದಲ್ಲೇ ಒಂದು ಲೋಕ ಕಟ್ಟಿದ್ರು, ಅದೇ ಮಡ್ ಅನ್ನೋದು. ಆಮೇಲೆ ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶದ ಟಿವಿ ಸೀರಿಯಲ್ ಅಭಿಮಾನಿಗಳು ಈಮೇಲಲ್ಲೇ ಬಾಹ್ಯಾಕಾಶದ ಹಡಗು ಓಡಿಸಕ್ಕೆ ಶುರು ಮಾಡಿದ್ರು, ಒಬ್ಬ ಕ್ಯಾಪ್ಟನ್, ಒಬ್ಬ ಡಾಕ್ಟರು, ಒಬ್ಬ ಇಂಜಿನಿಯರು, ಎಲ್ಲರೂ ಬೇರೆ ಬೇರೆ ಊರಲ್ಲಿ ಕೂತು. ನಮ್ಮ ಆಟದ ನಿಯಮಗಳು ಬಹುಪಾಲು ಅಲ್ಲಿಂದ ಇಳಿದು ಬಂದಿರೋವೇ.

ನನ್ನನ್ನ ಇದಕ್ಕೆ ಎಳ್ಕೊಂಡಿದ್ದು ಕಾಲೇಜಲ್ಲಿ ಜೊತೆಗಿದ್ದ ಗೆಳೆಯ, ಈಗ ಮಂಡ್ಯದಲ್ಲಿರ್ತಾನೆ. ‘ಲೋ, ನೀನು ಕತೆ ಬರೀತೀನಿ ಬರೀತೀನಿ ಅಂತ ಇಷ್ಟು ವರ್ಷ ಬರೀನೇ ಇಲ್ವಲ್ಲೋ, ಇಲ್ಲಿ ಬಾ, ಪೂರ್ತಿ ಕತೆ ಬರೆಯೋ ಕೆಲಸ ಇಲ್ಲ, ಒಂದು ಮನುಷ್ಯನ್ನ ಬರಿ ಸಾಕು’ ಅಂದ. ಅವನೇ ಆಟ ನಡೆಸೋನು. ಬೇರೆ ಕಡೆ ಆ ಸ್ಥಾನಕ್ಕೆ ಜಿಎಂ ಅಂತಾರೆ, ಗೇಮ್ ಮಾಸ್ಟರ್. ನಮ್ಮಲ್ಲಿ ಅವನ ಹೆಸರು ಮೇಷ್ಟ್ರು.

ಯಾಕೆ ಮೇಷ್ಟ್ರು ಅಂದ್ರೆ ಕುರುಕ್ಷೇತ್ರ ನಾಟಕದಿಂದ. ಮಂಡ್ಯ ಕಡೆಯವ್ರಿಗೆ ಹೇಳೋದೇ ಬೇಡ, ಊರಲ್ಲಿ ಪೌರಾಣಿಕ ನಾಟಕ ಕಟ್ಟೋವಾಗ ಹಾರ್ಮೋನಿಯಂ ಮೇಷ್ಟ್ರು ಬರ್ತಾರೆ, ತಿಂಗಳುಗಟ್ಲೆ ರಾತ್ರಿ ಹೊತ್ತು ಪ್ರಾಕ್ಟೀಸು, ಪಾತ್ರ ಮಾಡೋರು ದುಡ್ಡು ತಗೊಳ್ಳಲ್ಲ, ಅವರೇ ದುಡ್ಡು ಕೊಟ್ಟು ಪಾತ್ರ ಹಿಡೀತಾರೆ, ದುರ್ಯೋಧನ, ಕೃಷ್ಣ, ಭೀಮ, ಕರ್ಣಂಗೆ ರೇಟ್ ಜಾಸ್ತಿ ಯಾಕಂದ್ರೆ ಹಾಡು ಜಾಸ್ತಿ, ಒನ್ಸ್ ಮೋರ್ ಜಾಸ್ತಿ. ವಿದುರನ ಪಾತ್ರಕ್ಕೆ ಜನ ಹುಡುಕ್ಬೇಕು. ಆನ್‌ಲೈನ್ ಆಟಕ್ಕೆ ಹೊಸದಾಗಿ ಬರೋರೂ ಹಿಂಗೇ, ಬರ್ತಾ ಬರ್ತಾನೇ ಕ್ಯಾಪ್ಟನ್ ಬೇಕು, ಇಲ್ಲಾಂದ್ರೆ ಯಾರಿಗೂ ಗೊತ್ತಿಲ್ಲದ ಶಕ್ತಿ ಇರೋ ಅರ್ಧ ಮನುಷ್ಯ ಅರ್ಧ ರೋಬೋಟ್, ಅಪ್ಪ ಅಮ್ಮ ಇಬ್ರೂ ಸತ್ತಿದ್ದಾರೆ, ಗ್ಯಾಲಕ್ಸಿಲೇ ಬೆಸ್ಟ್ ಪೈಲಟ್. ಇಂಥೋನ ಜೊತೆ ಏನು ಬರೆಯೋದು ಹೇಳಿ? ಅವನಿಗೆ ಯಾರೂ ಬೇಕಾಗಿಲ್ಲ. ಕೆಟ್ಟೋದ ಇಂಜಿನ್ ಅವನೇ ರಿಪೇರಿ ಮಾಡ್ಕೋತಾನೆ, ಗಾಯ ಆದ್ರೆ ತಾನೇ ವಾಸಿ ಆಗತ್ತೆ. ಡಾಕ್ಟರ್ ಪಾತ್ರದೋರು, ಇಂಜಿನಿಯರ್ ಪಾತ್ರದೋರು ಸುಮ್ನೆ ಗೋಡೆ ಒರಗಿ ನಿಂತ್ಕೊಂಡು ನೋಡ್ತಿರ್ಬೇಕು.

ಮೇಷ್ಟ್ರು ಹೊಸಬ್ರಿಗೆಲ್ಲ ಕೇಳೋ ಪ್ರಶ್ನೆ ಒಂದೇ, ನಿಮ್ಮ ಪಾತ್ರಕ್ಕೆ ಯಾವ ಕೆಲಸ ಬರಲ್ಲ? ಪಾತ್ರದ ಪರಿಚಯನ ಬಯೋ ಅಂತಾರೆ, ಅದನ್ನ ಐದಾರು ಸಾಲಿಗಿಂತ ಜಾಸ್ತಿ ಬರೆದ್ರೆ ವಾಪಸ್ ಕಳಿಸ್ತಾನೆ. ನಂಗೆ ಮೊದ್ಲು ವಿಚಿತ್ರ ಅನ್ನಿಸ್ತು, ಬೇರೆ ಗುಂಪುಗಳಲ್ಲಿ ಪುಟಗಟ್ಟಲೆ ಬಯೋ ಕೇಳ್ತಾರೆ, ಹುಟ್ಟಿದ ದಿನ, ಕಣ್ಣಿನ ಬಣ್ಣ, ಇಷ್ಟದ ತಿಂಡಿ. ಈಗ ನನ್ನ ಅಭಿಪ್ರಾಯ, ಅಷ್ಟೆಲ್ಲ ಮೊದ್ಲೇ ತೀರ್ಮಾನ ಮಾಡಿಬಿಟ್ರೆ ಜೊತೆಯವ್ರು ಕಂಡುಹಿಡಿಯೋಕೆ ಏನೂ ಉಳಿಯಲ್ಲ. ಕೆಂಪಮ್ಮಂಗೆ ನಾನು ಬರ್ದಿದ್ದು ಇಷ್ಟು: ಅಪ್ಪ ಊರಲ್ಲಿ ನೀರುಗಂಟಿ, ನಾಲೆ ತೂಬು ಯಾರ ಗದ್ದೆಗೆ ಯಾವಾಗ ಎತ್ತಬೇಕು ಅನ್ನೋ ಜಗಳದ ಮಧ್ಯೆ ಬೆಳೆದೋಳು, ನೀರಿನ ಲೆಕ್ಕದಲ್ಲಿ ಯಾರನ್ನೂ ನಂಬಲ್ಲ, ಇಂಗ್ಲಿಷ್ ಓದ್ತಾಳೆ ಮಾತಾಡಲ್ಲ, ಮಂಡಿ ನೋವು, ಟೈಟನ್‌ಗೆ ಒಪ್ಕೊಂಡಿದ್ದೇ ಅಲ್ಲಿ ತೂಕ ಏಳನೇ ಒಂದು ಭಾಗ ಅನ್ನೋದಕ್ಕೆ. ಕಂಪ್ಯೂಟರ್ ಕೆಟ್ರೆ ಅವಳಿಗೆ ಏನೂ ಮಾಡಕ್ಕಾಗಲ್ಲ. ಈ ಕೊನೇ ಸಾಲಿಂದ ಇಂಜಿನಿಯರ್ ಪಾತ್ರದೋನಿಗೆ ಪ್ಲಾಂಟೊಳಗೆ ಬರಕ್ಕೆ ದಾರಿ ಸಿಕ್ತು.

ಇನ್ನು ನೀರುಗಂಟಿ ಅನ್ನೋ ವಿಚಾರ ಇಟ್ಟಿದ್ದಕ್ಕೆ ಇಡೀ ಆಟವೇ ಬೇರೆ ಕಡೆ ತಿರುಗ್ತು. ಟೈಟನ್ನಲ್ಲಿ ನೀರಿಗೆ ಬರ ಇಲ್ಲ, ಕಾಲ ಕೆಳಗಿರೋದೆಲ್ಲ ಮಂಜುಗಡ್ಡೆನೇ, ಆದ್ರೆ ಅಲ್ಲಿ ಮೈನಸ್ 179 ಡಿಗ್ರಿ, ಅಷ್ಟು ಚಳಿಲಿ ಅದು ಬಂಡೆ, ಕೊರೆದು ತಂದು ಕರಗಿಸ್ಬೇಕು, ಕರಗಿಸಕ್ಕೆ ಕರೆಂಟ್ ಬೇಕು. ಅಂದ್ರೆ ನೀರಿನ ಜಗಳ ಕರೆಂಟಿನ ಜಗಳವಾಯ್ತು. ತರಕಾರಿ ಬೆಳೆಯೋ ಬ್ಲಾಕಿಗೆ ಮೊದಲಾ, ಜನ ಇರೋ ಬ್ಲಾಕಿಗೆ ಮೊದಲಾ? ಪೈಪಿನ ಕಟ್ಟಕಡೇಲಿರೋ ಲ್ಯಾಬಿನವ್ರು ನಮಗೆ ಬರೋದೇ ಇಲ್ಲ ಅಂತ ಗಲಾಟೆ ತೆಗೆದ್ರು, ಆ ಲ್ಯಾಬ್ ಪಾತ್ರ ಬರೆಯೋರು ಮಳವಳ್ಳಿಯವ್ರು, ನಾಲೆಯ ಕೊನೇ ಭಾಗದವ್ರ ಕಷ್ಟ ಅವರಿಗೆ ಯಾರೂ ಹೇಳ್ಕೊಡ್ಬೇಕಿರ್ಲಿಲ್ಲ. ಸ್ಟೇಷನ್ನಿನ ದೊಡ್ಡ ಟ್ಯಾಂಕ್ ಪೂರ್ತಿ ತುಂಬಿದ್ರೆ ಮೀಟರಲ್ಲಿ 124.80 ತೋರಿಸ್ಲಿ ಅಂತ ಯಾರೋ ಹಾಕಿದ್ರು, ಯಾಕೆ ಅಂತ ಒಬ್ರೂ ಕೇಳಲಿಲ್ಲ. ಮಳೆಗಾಲದಲ್ಲಿ ಪೇಪರ್ ತೆಗೆದ್ರೆ ಮೊದ್ಲು ಕೆಆರ್‌ಎಸ್ ಎಷ್ಟು ಅಡಿ ಅಂತ ನೋಡೋ ಜನ ನಾವು.

ಸೈನ್ಸ್ ಎಷ್ಟು ಗೊತ್ತಿರ್ಬೇಕು ಅಂತ ಕೇಳ್ತಾರೆ. ನಂಗೆ ಪಿಯುಸಿ ಕಾಮರ್ಸ್. ಪಾತ್ರಕ್ಕೆ ಬೇಕಾಗೋಷ್ಟು ಓದ್ಕೊಂಡ್ರೆ ಸಾಕು, ಮಿಕ್ಕಿದ್ದು ಬೇರೆ ಪಾತ್ರದವ್ರ ತಲೆನೋವು. ಆದ್ರೆ ಓದೋದನ್ನ ಬಿಟ್ಟು ಸಿನಿಮಾದಲ್ಲಿ ನೋಡಿದ್ದನ್ನೇ ಹಾಕಕ್ಕೆ ಹೋದ್ರೆ ಕತೆ ಬಡವಾಗತ್ತೆ. ಉದಾಹರಣೆಗೆ ಗೋಡೆ ಬಿರುಕು ಬಿಡೋ ದೃಶ್ಯ. ಬಾಹ್ಯಾಕಾಶ ಅಂದ ತಕ್ಷಣ ಎಲ್ರಿಗೂ ಅದೇ ಬರತ್ತೆ, ಗೋಡೆ ಒಡೀತು, ಗಾಳಿ ಭುಸ್ಸಂತ ಹೊರಗೆ, ಜನ ಹಾರೋದ್ರು. ಟೈಟನ್ನಲ್ಲಿ ಹಾಗಾಗಲ್ಲ! ಅಲ್ಲಿ ಗಾಳಿಯ ಒತ್ತಡ ಭೂಮಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. ಒಳಗೂ ಅಷ್ಟೇ ಒತ್ತಡ ಇಟ್ಕೊಂಡಿದ್ರೆ ತೂತಾದ್ರೂ ಭುಸ್ ಅನ್ನಲ್ಲ, ಯಾರನ್ನೂ ಎಳ್ಕೊಂಡು ಹೋಗಲ್ಲ. ನಿಧಾನಕ್ಕೆ ಚಳಿ ಒಳಗೆ ಬರತ್ತೆ, ಜೊತೆಗೆ ನೈಟ್ರೋಜನ್ನು, ಸ್ವಲ್ಪ ಮೀಥೇನು. ಹಾಗಾದ್ರೆ ಬೆಂಕಿ ಹತ್ತತ್ತಾ ಅಂತ ನಾನು ಕೇಳಿದೆ. ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದ, ನೆಲದ ಹತ್ರ ಅಲ್ಲಿನ ಗಾಳೀಲಿ ಮೀಥೇನ್ ಇರೋದೇ ನೂರಕ್ಕೆ ಐದರಷ್ಟು, ಬೆಂಕಿ ಹತ್ತಕ್ಕೆ ನಮ್ಮ ಗಾಳೀಲಿ ಕಮ್ಮಿ ಅಂದ್ರೂ ಐದು ಪರ್ಸೆಂಟ್ ಬೇಕು, ಒಳಗಿನ ಗಾಳಿ ಜೊತೆ ಬೆರೆತಾಗ ಅದು ಇನ್ನೂ ಕಮ್ಮಿಯಾಗೋಗತ್ತೆ. ಹೊರಗಂತೂ ಆಕ್ಸಿಜನ್ನೇ ಇಲ್ಲ, ಸರೋವರ ತುಂಬ ಮೀಥೇನ್ ಇದ್ರೂ ಕಡ್ಡಿ ಗೀರಿದ್ರೆ ಹತ್ತಲ್ಲ. ಆದ್ರೆ ಯಾರಾದ್ರೂ ಸರೋವರದಿಂದ ದ್ರವ ಮೀಥೇನನ್ನೇ ಕ್ಯಾನಲ್ಲಿ ತಂದು ಒಳಗೆ ಚೆಲ್ಲಿದ್ರೆ? ಅದು ಆವಿಯಾಗಿ ರೂಮ್ ತುಂಬತ್ತೆ, ಅದಕ್ಕೆ ವಾಸನೆನೂ ಇಲ್ಲ. ನಮ್ಮ ಮನೆ ಸಿಲಿಂಡರ್ ಗ್ಯಾಸಿಗೂ ಸ್ವಂತ ವಾಸನೆ ಇಲ್ಲ, ಸೋರಿದ್ರೆ ಗೊತ್ತಾಗ್ಲಿ ಅಂತ ಮರ್ಕ್ಯಾಪ್ಟಾನ್ ಸೇರಿಸಿ ಕಳಿಸ್ತಾರೆ. ಟೈಟನ್ನಲ್ಲಿ ಯಾರು ಸೇರಿಸ್ತಾರೆ? ಆ ಒಂದು ಲೆಕ್ಕದಿಂದ ನಮಗೆ ತಿಂಗಳುಗಟ್ಟಲೆ ಕತೆ ಸಿಕ್ತು. ಯಾರೋ ಕದ್ದು ಸ್ಯಾಂಪಲ್ ಒಳಗೆ ತರ್ತಿದ್ದಾರೆ, ಯಾರು, ಯಾಕೆ? ಭುಸ್ ಅಂತ ಗೋಡೆ ಒಡೆಸಿದ್ರೆ ಒಂದೇ ರಾತ್ರಿಗೆ ಮುಗೀತಿತ್ತು.

ಬರೆಯೋದರ ಬಗ್ಗೆ ಹೇಳ್ತೀನಿ, ನಂಗೆ ಮುಖ್ಯ ಅನ್ಸೋದು ಇದೇ. ಕತೆ ಬರೆಯೋರಿಗೆ ಒಂದು ಅಭ್ಯಾಸ ಇರತ್ತೆ, ಪ್ಯಾರಾನ ಚೆನ್ನಾಗಿ ಮುಚ್ಚಿ ಮುಗಿಸೋದು. ಸಂಭಾಷಣೆ ಮುಗೀತು, ಪಾತ್ರ ಎದ್ದು ಹೋಯ್ತು, ಒಂದು ಭಾರವಾದ ಸಾಲು. ಇಲ್ಲಿ ಹಾಗೆ ಮುಗಿಸಿದ್ರೆ ಮುಂದಿನೋರು ಏನ್ ಬರೀಬೇಕು? ಓದಕ್ಕೆ ಚಂದ ಇರತ್ತೆ, ಎಲ್ರೂ ಒಂದೊಂದು ಹಾರ್ಟ್ ಒತ್ತಿ ಸುಮ್ನಾಗ್ತಾರೆ, ಆಟ ಅಲ್ಲೇ ನಿಂತೋಗತ್ತೆ. ಚೆನ್ನಾಗಿ ಆಡೋರು ಪ್ರತಿ ಸಲ ಇನ್ನೊಬ್ರು ಹಿಡ್ಕೊಳ್ಳಕ್ಕೆ ಏನಾದ್ರೂ ಒಂದನ್ನ ಬಿಟ್ಟಿರ್ತಾರೆ. ನಮ್ಮ ಗುಂಪಲ್ಲಿ ಅಡುಗೆಯವನ ಪಾತ್ರ ಬರೆಯೋರು ಮೈಸೂರಲ್ಲಿ ಲೆಕ್ಚರರ್ ಆಗಿರೋ ಒಬ್ರು ಮೇಡಂ, ಅವರು ಇದರಲ್ಲಿ ಎತ್ತಿದ ಕೈ. ಅವರು ಒಂದ್ಸಲ ಹಾಕಿದ್ದು ನೋಡಿ:

‘ಪಾತ್ರೆ ತೊಳೆಯೋ ನೀರು ನಿಂತು ಎರಡು ದಿನ ಆಗಿತ್ತು. ಅಡುಗೆಯವನು ಪ್ಲಾಂಟಿನ ಬಾಗಿಲಲ್ಲಿ ಬಂದು ನಿಂತ. ಒಂದು ಕೈಲಿ ಖಾಲಿ ಕ್ಯಾನ್. ಇನ್ನೊಂದು ಕೈ ಜೇಬೊಳಗೆ.’

ಅಷ್ಟೇ. ಮೂರು ನಾಲ್ಕು ಸಾಲು. ಆ ಜೇಬೊಳಗಿನ ಕೈ ಯಾಕೆ ಅಂತ ಅವರು ಹೇಳಲಿಲ್ಲ, ಅದನ್ನ ಗಮನಿಸ್ಬೇಕಾ ಬೇಡ್ವಾ ಅನ್ನೋದೂ ನಂಗೇ ಬಿಟ್ಟಿದ್ದು. ನಾನು ಹೀಗೆ ಬರೆದೆ:

‘ಕೆಂಪಮ್ಮ ಮೀಟರ್ ಮೇಲಿಂದ ಕಣ್ಣು ತೆಗೀಲಿಲ್ಲ. "ಬಂದ್ಯಾ ಮಗ, ಕೂತ್ಕ. ನೀರು ಕೊಡಾವ, ಅದ್ಕೇನಂತೆ. ಮೊದ್ಲು ಜೇಬಲ್ಲಿರ ಕೈ ಆಚೀಗ್ ತಗಿ, ಏನಾಗದೆ ನೋಡಾವ." ಅವನ ಕೈಲಿದ್ದ ಕ್ಯಾನ್ ಕಡೆ ಅವಳು ಕೈ ಚಾಚಲಿಲ್ಲ.’

ಇಲ್ಲಿ ನಾನು ಬರೀದೇ ಬಿಟ್ಟಿದ್ದನ್ನ ಗಮನಿಸಿ, ಅವನು ಕೈ ತೆಗೆದ ಅಂತ ಬರೀಲಿಲ್ಲ. ತೆಗಿಯೋದು ಬಿಡೋದು ಮೇಡಂಗೆ ಸೇರಿದ್ದು. ‘ಕೆಂಪಮ್ಮ ಅವನ ಕೈ ಹಿಡಿದು ಎಳೆದಳು, ಕೈ ಸುಟ್ಟಿತ್ತು’ ಅಂತ ನಾನು ಬರೆದಿದ್ರೆ ಅದಕ್ಕೆ ಗಾಡ್‌ಮಾಡಿಂಗ್ ಅಂತಾರೆ, ಇನ್ನೊಬ್ರ ಪಾತ್ರಕ್ಕೆ ದೇವರಾಗೋದು, ಈ ಆಟದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹೊಡೆದಾಟದ ದೃಶ್ಯದಲ್ಲೂ ಹಾಗೇ, ಹೊಡೆಯಕ್ಕೆ ಕೈ ಎತ್ತಿದ ಅಂತ ಬರೀಬಹುದು, ಏಟು ಬಿತ್ತು ಅಂತ ಬರೆಯೋ ಹಾಗಿಲ್ಲ, ಬಿತ್ತೋ ತಪ್ಪಿಸ್ಕೊಂಡ್ನೋ ಅನ್ನೋದು ಎದುರಿಗಿರೋರು ಹೇಳ್ಬೇಕು. ಇದರಲ್ಲಿ ಒಂದು ವಿಚಿತ್ರವಾದ ಸಂಭಾವಿತತನ ಇದೆ ಕಣ್ರೀ. ನಿಜ ಜೀವನದಲ್ಲಿ ಎದುರಿಗಿರೋರು ಏನ್ ಹೇಳ್ತಾರೆ ಅಂತ ನಾವೇ ಮೊದ್ಲೇ ಮನಸಲ್ಲಿ ಬರ್ಕೊಂಡು ಅದಕ್ಕೆ ಉತ್ತರನೂ ರೆಡಿ ಮಾಡ್ಕೊಂಡಿರ್ತೀವಿ, ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಕಾಯಲೇಬೇಕು.

ಕಾಯೋದು ಅಂದ್ರೆ ನಿಜವಾಗ್ಲೂ ಕಾಯೋದು. ಶನಿ ಎಷ್ಟು ದೂರದಲ್ಲಿದೆ ಅನ್ನೋದರ ಮೇಲೆ ಭೂಮಿಯಿಂದ ಒಂದು ಮೆಸೇಜ್ ಟೈಟನ್ ಮುಟ್ಟಕ್ಕೆ ಒಂದು ಗಂಟೆಗೂ ಮೇಲೆ, ಒಂದೊಂದ್ಸಲ ಒಂದೂವರೆ ಗಂಟೆ ಹಿಡಿಯತ್ತೆ. ನಮ್ಮ ಇಂಜಿನಿಯರ್ ಪಾತ್ರದೋನು ಶ್ರೀರಂಗಪಟ್ಟಣದಿಂದ ಉತ್ತರ ಹಾಕಕ್ಕೆ ಒಂದು ವಾರ! ಮದುವೆ ಸೀಸನ್ ಬಂದ್ರೆ ಸ್ಟೇಷನ್ನೇ ಸ್ತಬ್ಧ. ಅದಕ್ಕೇ ಮೊದ್ಲೇ ಮಾತಾಡ್ಕೊಂಡಿರ್ಬೇಕು, ವಾರಕ್ಕೆ ಕಮ್ಮಿ ಅಂದ್ರೆ ಒಂದ್ಸಲ ಬರೀತೀನಿ, ಆಗದಿದ್ರೆ ಹೇಳಿ ಹೋಗ್ತೀನಿ ಅಂತ. ಹೇಳದೇ ಹೋದೋರ ಪಾತ್ರನ ಮೇಷ್ಟ್ರು ಮೆಲ್ಲಗೆ ಬದಿಗೆ ಸರಿಸ್ತಾನೆ, ಜ್ವರ ಬರಿಸ್ತಾನೆ, ಇಲ್ಲಾ ದೂರದ ಡ್ರಿಲ್ಲಿಂಗ್ ಸೈಟಿಗೆ ಡ್ಯೂಟಿ ಹಾಕ್ತಾನೆ. ಕೊಲ್ಲಲ್ಲ. ವಾಪಸ್ ಬರಕ್ಕೆ ದಾರಿ ಇರ್ಲಿ ಅಂತ.

ಈ ಸಿಗ್ನಲ್ ತಡ ಆಗೋದನ್ನ ಕತೆಯಲ್ಲಿ ಬಿಗಿಯಾಗಿ ಹಿಡ್ಕೊಂಡ್ರೆ ಇನ್ನೊಂದು ಲಾಭ ಇದೆ. ನಮ್ಮ ಆಟದಲ್ಲಿ ಭೂಮಿ ಕಡೆ ಮಾತುಕತೆ ಎಲ್ಲ ಬೆಂಗಳೂರು ಹೊರಗಿನ ಬ್ಯಾಲಾಳಿನ ಆಂಟೆನಾ ಮೂಲಕ, ಅಲ್ಲಿ ನಿಜವಾಗ್ಲೂ 32 ಮೀಟರ್ ಅಗಲದ ತಟ್ಟೆ ಇದೆ, 2008ರಲ್ಲಿ ಚಂದ್ರಯಾನಕ್ಕೆ ಅಂತ ಕಟ್ಟಿದ್ದು. ಅಲ್ಲಿ ಕೂತ ಪಾತ್ರಕ್ಕೆ ಸ್ಟೇಷನ್ನಲ್ಲಿ ಈ ಕ್ಷಣ ಏನಾಗ್ತಿದೆ ಅಂತ ಗೊತ್ತಾಗೋ ಹಾಗಿಲ್ಲ. ಆದ್ರೆ ಆ ಪಾತ್ರ ಬರೆಯೋರು ಮೊಬೈಲಲ್ಲಿ ನಮ್ಮ ದೃಶ್ಯ ಎಲ್ಲ ಓದಿರ್ತಾರಲ್ಲ! ತಾನು ಓದಿದ್ದು ತನ್ನ ಪಾತ್ರಕ್ಕೆ ಗೊತ್ತಿಲ್ಲ ಅನ್ನೋ ಹಾಗೆ ಬರೀಬೇಕು, ಹಾಗೆ ಮಾಡದೇ ಇರೋದಕ್ಕೆ ಮೆಟಾಗೇಮಿಂಗ್ ಅಂತಾರೆ. ಹೊಸಬ್ರಿಗೆ ಎಲ್ಲಕ್ಕಿಂತ ಕಷ್ಟ ಆಗೋದು ಇದೇ. ಅಡುಗೆಯವನು ಏನೋ ಮುಚ್ಚಿಡ್ತಿದ್ದಾನೆ ಅಂತ ನಂಗೆ ಗೊತ್ತು, ಕೆಂಪಮ್ಮಂಗೆ ಬರೀ ಅನುಮಾನ. ಆ ಎರಡರ ನಡುವೆ ನಿಂತು ಬರೆಯೋದರಲ್ಲಿ ಇರೋ ಮಜಾನ ಒಂಟಿಯಾಗಿ ಕೂತು ಕತೆ ಬರೆಯೋವಾಗ ನಾನು ಕಂಡಿಲ್ಲ.

ಪಾತ್ರ ಬಿಟ್ಟು ನಾವು ನಾವಾಗಿ ಮಾತಾಡ್ಬೇಕಾದ್ರೆ ಎರಡೆರಡು ಬ್ರಾಕೆಟ್ ಹಾಕ್ತೀವಿ. ((ನಾಳೆ ಮಗಂಗೆ ಪರೀಕ್ಷೆ, ಎರಡು ದಿನ ಸಿಗಲ್ಲ)) ಅಂತ. ((ಕೆಂಪಮ್ಮ ಬೈದಿದ್ದು ಜಾಸ್ತಿ ಆಯ್ತಾ ಮೇಡಂ?)) ಅಂತ. ಇದು ಸಣ್ಣ ವಿಷಯ ಅನ್ಸತ್ತೆ ಆದ್ರೆ ಇದಿಲ್ಲದೆ ಗುಂಪು ಉಳಿಯಲ್ಲ, ಯಾಕಂದ್ರೆ ಪಾತ್ರದ ಸಿಟ್ಟನ್ನ ಬರೆದೋರ ಸಿಟ್ಟು ಅಂತ ತಿಳ್ಕೊಳ್ಳೋದು ಬಹಳ ಸುಲಭ. ಯಾರಿಗೆ ಯಾವ ವಿಷಯ ಬೇಡ ಅನ್ನೋದೂ ಶುರುವಲ್ಲೇ ಹೇಳ್ಕೋತೀವಿ, ಮಕ್ಕಳಿಗೆ ನೋವಾಗೋದು ಬೇಡ ಅಂತ ಒಬ್ರು ಅಂದ್ರು, ಕಾರಣ ಯಾರೂ ಕೇಳಲಿಲ್ಲ, ನಮ್ಮ ಟೈಟನ್ನಲ್ಲಿ ಮಕ್ಕಳೇ ಇಲ್ಲ.

ಭಾಷೆಗೆ ನಿಯಮ ಇಲ್ಲ. ಮೊದಮೊದಲು ಎಲ್ರೂ ಶಾಲೆ ಪುಸ್ತಕದ ಕನ್ನಡದಲ್ಲಿ ಬರೀತಿದ್ರು, ಬಾಹ್ಯಾಕಾಶ ಅಂದ್ರೆ ಗಂಭೀರವಾಗಿರ್ಬೇಕು ಅಂತ ಅದ್ಯಾರು ಹೇಳಿದ್ರೋ. ಕೆಂಪಮ್ಮ ಬಾಯಿ ತೆರೆದ್ಮೇಲೆ ಸ್ವಲ್ಪ ಸಡಿಲ ಆಯ್ತು. ಈಗ ಲ್ಯಾಬಿನವ್ರು ಮಳವಳ್ಳಿ ಕನ್ನಡದಲ್ಲೇ ಕೂಗಾಡ್ತಾರೆ, ಕಮಾಂಡರ್ ಮಾತ್ರ ಇನ್ನೂ ಸುತ್ತೋಲೆ ಓದಿದಂಗೆ ಮಾತಾಡ್ತಾರೆ, ಅವರು ಬ್ಯಾಂಕಲ್ಲಿ ರಿಟೈರ್ ಆಗಿರೋರು, ಅದೂ ಪಾತ್ರಕ್ಕೆ ಸರಿಯಾಗೇ ಹೊಂದತ್ತೆ.

ಊಟದ ವಿಚಾರ ಬರೀಲೇಬೇಕು, ಮೈಸೂರಿನೋರಾಗಿ ಅದನ್ನ ಬಿಟ್ರೆ ಹೆಂಗೆ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರ ಜೊತೆ ಹೋದ ನಮ್ಮ ದೇಶದ ಊಟ ತಯಾರಾಗಿದ್ದು ಇಲ್ಲೇ, ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್, ಅಂದ್ರೆ ರಕ್ಷಣಾ ಇಲಾಖೆಯ ಆಹಾರ ಸಂಶೋಧನೆ ಲ್ಯಾಬಲ್ಲಿ. ಎಷ್ಟು ಸಲ ಆ ಗೇಟ್ ಮುಂದೆ ಸ್ಕೂಟರಲ್ಲಿ ಹೋಗಿದ್ದೀನೋ, ಇದು ಗೊತ್ತೇ ಇರ್ಲಿಲ್ಲ, ಅಡುಗೆಯವನ ಪಾತ್ರಕ್ಕೆ ಅಂತ ಮೇಡಂ ಹುಡುಕಿ ತೆಗೆದಿದ್ದು. ಅವರ ಅಡುಗೆಯವನು ಆ ಲ್ಯಾಬಿನ ಹಳೇ ಕಾಲದ ಪ್ಯಾಕೆಟ್ ಒಂದನ್ನ ತೆರೀದೇ ತನ್ನ ಕಪಾಟಲ್ಲಿ ಇಟ್ಕೊಂಡಿದ್ದಾನೆ. ಯಾಕೆ ಅಂತ ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ, ಬ್ರಾಕೆಟಲ್ಲೂ ಕೇಳಿಲ್ಲ.

ಶುರು ಮಾಡ್ಬೇಕು ಅನ್ನೋರಿಗೆ ನನ್ನ ಕಡೆಯಿಂದ ಒಂದೆರಡು ಮಾತು. ಸೇರೋಕೆ ಮುಂಚೆ ಆ ಗುಂಪಿನ ಹಳೇ ದೃಶ್ಯಗಳನ್ನ ಓದಿ, ಎಲ್ಲ ಅಲ್ಲ, ಇತ್ತೀಚಿನವು ಸಾಕು, ಒಬ್ರೇ ಎಲ್ಲ ಬರೀತಿದ್ದು ಮಿಕ್ಕೋರು ಹ್ಞೂಂ ಹ್ಞೂಂ ಅಂತಿದ್ರೆ ಅಲ್ಲಿಗೆ ಹೋಗ್ಬೇಡಿ. ಮೊದಲನೇ ದೃಶ್ಯದಲ್ಲಿ ಸ್ಟೇಷನ್ ಉಳಿಸಕ್ಕೆ ಹೋಗ್ಬೇಡಿ, ಯಾರ ಹತ್ರನಾದ್ರೂ ಏನಾದ್ರೂ ಸಾಲ ಕೇಳೋ ದೃಶ್ಯ ಬರೀರಿ, ಸ್ಪ್ಯಾನರ್, ಟೀ ಪುಡಿ, ಏನಾದ್ರೂ ಆಗ್ಬೋದು. ಕೇಳಿದ ತಕ್ಷಣ ಇನ್ನೊಂದು ಪಾತ್ರ ನಿಮ್ಮ ಜೊತೆ ಮಾತಿಗೆ ಬರಲೇಬೇಕಾಗತ್ತೆ. ಉದ್ದ ಬರೆದ್ರೆ ದೊಡ್ಡೋರು ಅಂತ ಏನಿಲ್ಲ. ಎಐ ಹತ್ರ ಬರೆಸಿ ಹಾಕೋರೂ ಇದ್ದಾರೆ ಈಗ, ನಾನು ಬೇಡ ಅಂತೀನಿ, ನೀತಿ ಪಾಠಕ್ಕಲ್ಲ, ಆ ಬರಹ ಎಲ್ಲವನ್ನೂ ನುಣ್ಣಗೆ ಮುಗಿಸಿಬಿಡತ್ತೆ, ಎದುರಿಗಿರೋರಿಗೆ ಹಿಡ್ಕೊಳ್ಳಕ್ಕೆ ಏನೂ ಸಿಗಲ್ಲ.

ಈಗ ನಮ್ಮ ಸ್ಟೇಷನ್ನಲ್ಲಿ ಡಾಕ್ಟರ್ ಪಾತ್ರ ಖಾಲಿ ಇದೆ, ಬರೀತಿದ್ದೋರಿಗೆ ಹೊಸ ಕೆಲಸ ಸಿಕ್ಕಿ ಟೈಮ್ ಆಗ್ತಿಲ್ಲ, ಹೇಳಿಯೇ ಹೋದ್ರು. ಮೆಡಿಕಲ್ ಓದಿರ್ಬೇಕು ಅಂತಿಲ್ಲ. ಬರೋರಿಗೆ ಮೊದಲನೇ ದೃಶ್ಯ ಕಾಯ್ತಾ ಇದೆ: ಅಡುಗೆಯವನು ಕೈಗೆ ಬಟ್ಟೆ ಸುತ್ಕೊಂಡು ಬಂದಿದ್ದಾನೆ, ಬಿಸಿ ಎಣ್ಣೆ ಬಿತ್ತು ಅಂತಿದ್ದಾನೆ. ಹಿಂದೆ ಕೆಂಪಮ್ಮ ನಿಂತಿದ್ದಾಳೆ, ಎರಡು ದಿನದಿಂದ ಅಡುಗೆಮನೇಲಿ ಒಲೆ ಹಚ್ಚಿಲ್ಲ ಅಂತ ಅವಳಿಗೆ ಗೊತ್ತು, ಆದ್ರೆ ಬಾಯಿ ಬಿಡ್ತಿಲ್ಲ. ಬಟ್ಟೆ ಬಿಚ್ಚಿದ್ಮೇಲೆ ಅದು ಎಣ್ಣೆ ಸುಟ್ಟ ಗಾಯನಾ, ಮೈನಸ್ 179 ಡಿಗ್ರಿ ಕ್ಯಾನ್ ಮುಟ್ಟಿ ಆಗಿದ್ದಾ, ಕಂಡಿದ್ದನ್ನ ಡಾಕ್ಟರು ರಿಜಿಸ್ಟರಲ್ಲಿ ಬರೀತಾರಾ ಇಲ್ವಾ, ಅದನ್ನ ಪಾತ್ರ ತಗೊಂಡೋರೇ ಹೇಳ್ಬೇಕು.